ಗದೆ ಪಿಚಕಾರಿ: ಬಂದರಿನಿಂದ ಬಂದರಿಗೆ ಹಬ್ಬಿದ ಕಡಲಜೀವಿಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಪದವಿ ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುವವರಿಗೆ ಕಡಲಜೀವಿಗಳ ಅಧ್ಯಾಯ ಬಂದಾಗಲೆಲ್ಲ ಒಂದು ತೊಡಕು ಎದುರಾಗುತ್ತದೆ. ತರಗತಿಯಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿ ಸಮುದ್ರವನ್ನೇ ನೋಡಿರುವುದಿಲ್ಲ. ಆದರೂ ಸ್ಟೈಲಾ ಕ್ಲಾವಾ ಎಂಬ ಪ್ರಾಣಿಯ ಮಾತು ಬಂದರೆ ಪ್ರಶ್ನೆಗಳು ನಿಲ್ಲುವುದಿಲ್ಲ. ಬಳ್ಳಾರಿ ಜಾಲಿಯ ನಡುವೆ ಬೆಳೆದವರಿಗೆ, ಹೊರಗಿನಿಂದ ಬಂದ ಜೀವಿಯೊಂದು ಬೇರೂರಿ ಹಬ್ಬುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ತಿದ್ದಿ ಇಲ್ಲಿ ಕೂಡಿಸಿದ್ದೇನೆ.

ಈ ಪ್ರಾಣಿ ಯಾವುದು? ಇದಕ್ಕೆ ಕನ್ನಡದಲ್ಲಿ ಹೆಸರಿದೆಯೆ?

ಅಸಿಡಿಯನ್ ಎಂಬ ಗುಂಪಿಗೆ ಸೇರಿದ, ಕಲ್ಲಿಗೋ ಮರದ ದಿಮ್ಮಿಗೋ ಹಡಗಿನ ತಳಕ್ಕೋ ಅಂಟಿಕೊಂಡು ಬಾಳುವ ಕಡಲಪ್ರಾಣಿ ಇದು. ಮೇಲ್ತುದಿಯಲ್ಲಿ ಎರಡು ಕೊಳವೆಬಾಯಿಗಳಿರುತ್ತವೆ. ಒಂದರಿಂದ ನೀರನ್ನು ಒಳಗೆಳೆದುಕೊಂಡು, ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು, ಉಳಿದ ನೀರನ್ನು ಇನ್ನೊಂದರಿಂದ ಹೊರಬಿಡುತ್ತದೆ. ನೀರಿನಿಂದ ಎತ್ತಿ ಹಿಸುಕಿದರೆ ಹೋಳಿಹಬ್ಬದ ಪಿಚಕಾರಿಯಂತೆ ಚಿಮ್ಮುತ್ತದೆ. ಈ ಗುಂಪಿಗೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಹೆಸರಿಲ್ಲದ ಕಾರಣ ತರಗತಿಯಲ್ಲಿ ‘ಕಡಲ ಪಿಚಕಾರಿ’ ಎನ್ನುತ್ತೇವೆ.

ಸ್ಟೈಲಾ ಕ್ಲಾವಾದ ತಲೆಭಾಗ ದಪ್ಪ, ಬುಡ ಸಣ್ಣ ತೊಟ್ಟು. ‘ಕ್ಲಾವಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗದೆ. ಅಂಜನಾದ್ರಿ ಬೆಟ್ಟದ ಜಿಲ್ಲೆಯವರಿಗೆ ಗದೆಯ ಆಕಾರವನ್ನು ವಿವರಿಸುವ ಅಗತ್ಯವಿಲ್ಲವಾದ್ದರಿಂದ ‘ಗದೆ ಪಿಚಕಾರಿ’ ಎಂಬ ಹೆಸರು ಸಹಜವಾಗಿಯೇ ನಿಂತಿತು. ಗೇಣಿಗಿಂತ ಕಡಿಮೆ ಉದ್ದ, ಕಂದುಬಣ್ಣ, ಚರ್ಮದ ಚೀಲದಂತೆ ಗಟ್ಟಿಯಾದ, ಗಂಟುಗಂಟಾದ ಮೈ. ಕೊಳವೆಬಾಯಿಗಳ ಒಳಗೆ ಕಂದು ಗೆರೆಗಳು ಕಾಣಿಸುತ್ತವೆ. ನೋಡಲು ಚೆಲುವಾದ ಪ್ರಾಣಿಯೇನಲ್ಲ.

ಅಂಟಿಕೊಂಡೇ ಇರುವುದಾದರೆ ಇದನ್ನು ಗಿಡ ಎನ್ನಬಾರದೇಕೆ?

ಎಳೆಯದಿದ್ದಾಗ ಇದು ಈಜುತ್ತದೆ, ಅದೂ ನಮ್ಮ ಬಂಧುವಿನಂತೆ. ಮೊಟ್ಟೆಯೊಡೆದು ಬರುವ ಡಿಂಭವು ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾದ, ಗೊದಮೊಟ್ಟೆಯನ್ನು ಹೋಲುವ ಜೀವಿ. ಅದರ ಬಾಲದಲ್ಲಿ ನೋಟೋಕಾರ್ಡ್ ಎಂಬ ದಂಡವಿರುತ್ತದೆ. ನಮ್ಮಲ್ಲಿ ಬೆನ್ನುಮೂಳೆ ರೂಪುಗೊಳ್ಳುವ ಮೊದಲು ಭ್ರೂಣದಲ್ಲಿ ಕಾಣಿಸಿಕೊಳ್ಳುವುದೂ ಇದೇ ದಂಡ. ಅಲೆಕ್ಸಾಂಡರ್ ಕೊವಲೆವ್ಸ್ಕಿ ಎಂಬ ರಷ್ಯದ ವಿಜ್ಞಾನಿ 1866ರಲ್ಲಿ ಇದನ್ನು ತೋರಿಸಿಕೊಡುವವರೆಗೆ ಅಸಿಡಿಯನ್‌ಗಳನ್ನು ಬಸವನಹುಳು, ಸಿಂಪಿಗಳ ಸಾಲಿಗೆ ಸೇರಿಸುವವರಿದ್ದರು. ಡಿಂಭವು ತಲೆಯ ಕಡೆಯಿಂದ ಒಂದು ಜಾಗಕ್ಕೆ ಅಂಟಿಕೊಂಡ ಮೇಲೆ ಬಾಲವೂ ನೋಟೋಕಾರ್ಡೂ ಕರಗಿಹೋಗುತ್ತವೆ. ಮೀನು, ಹಕ್ಕಿ, ಮನುಷ್ಯರ ದಾಯಾದಿಯೊಂದು ಹೀಗೆ ಸೋಸುವ ಚೀಲವಾಗಿಬಿಡುತ್ತದೆ.

ಅದರ ಹೊರಗವಚದಲ್ಲಿ ಸೆಲ್ಯುಲೋಸ್ ಇರುವುದಂತೂ ನಿಜ. ಹತ್ತಿಯ ಎಳೆ ಯಾವುದರಿಂದ ಆಗಿದೆಯೋ ಅದೇ ವಸ್ತು. ಪ್ರಾಣಿಗಳಲ್ಲಿ ಇದನ್ನು ತಾವೇ ತಯಾರಿಸಿಕೊಳ್ಳುವುದು ಈ ಬಳಗ ಮಾತ್ರ. ಅವುಗಳ ಹೃದಯವೂ ವಿಚಿತ್ರವೇ: ಸ್ವಲ್ಪ ಹೊತ್ತು ರಕ್ತವನ್ನು ಒಂದು ದಿಕ್ಕಿಗೆ ತಳ್ಳಿ, ನಿಂತು, ಆಮೇಲೆ ತಿರುವುಮುರುವಾಗಿ ತಳ್ಳುತ್ತದೆ.

ಪ್ರಯೋಗಾಲಯದ ಭರಣಿಯಲ್ಲಿರುವ ಹರ್ಡ್‌ಮೇನಿಯಾ ಇದೇ ಏನು?

ಅಲ್ಲ, ಅದರ ನೆಂಟ. ಹರ್ಡ್‌ಮೇನಿಯಾ ನಮ್ಮ ಕಡಲಿನ ಪ್ರಾಣಿ. ಭಾರತದ ಪ್ರಾಣಿಶಾಸ್ತ್ರ ಪಠ್ಯಗಳಲ್ಲಿ ಅಸಿಡಿಯನ್‌ಗಳಿಗೆ ಮಾದರಿಯಾಗಿ ಬಹುಕಾಲದಿಂದ ಬಂದಿದೆ. ಸ್ವಾರಸ್ಯವಿರುವುದು ಹೆಸರಿನಲ್ಲಿ. ವಿಲಿಯಂ ಹರ್ಡ್‌ಮನ್ ಎಂಬ ಬ್ರಿಟಿಷ್ ವಿಜ್ಞಾನಿಯ ಗೌರವಾರ್ಥ ಅದಕ್ಕೆ ಆ ಹೆಸರು ಬಂದಿತು. 1872ರಿಂದ 1876ರವರೆಗೆ ಜಗತ್ತಿನ ಕಡಲುಗಳನ್ನು ಸುತ್ತಿಬಂದ ಚಾಲೆಂಜರ್ ಹಡಗಿನ ಸಂಗ್ರಹವನ್ನು ಪರಿಶೀಲಿಸಿ, 1881ರಲ್ಲಿ ಸ್ಟೈಲಾ ಕ್ಲಾವಾಕ್ಕೆ ಶಾಸ್ತ್ರೀಯ ಹೆಸರಿಟ್ಟವರೂ ಅವರೇ. ಮುಂದೆ ಮನ್ನಾರ್ ಕೊಲ್ಲಿಯ ಮುತ್ತಿನ ಸಿಂಪಿಗಳ ಅಧ್ಯಯನಕ್ಕೂ ಅವರು ಬಂದಿದ್ದರು. ಫಾರ್ಮಾಲಿನ್‌ನಲ್ಲಿ ಬಿಳಿಚಿಕೊಂಡ ಆ ಮಾದರಿಯ ಮೇಲಿನ ಚೀಟಿಯನ್ನು ಇನ್ನೊಮ್ಮೆ ಓದುವಾಗ ಇದು ನೆನಪಿರಲಿ.

ಇದರ ತವರು ಎಲ್ಲಿ?

ಪೆಸಿಫಿಕ್ ಸಾಗರದ ವಾಯವ್ಯ ಅಂಚು: ಜಪಾನ್, ಕೊರಿಯಾ, ಚೀನಾದ ಉತ್ತರ ಕರಾವಳಿ, ರಷ್ಯದ ಪೂರ್ವ ತೀರ. ಅಲ್ಲಿ ಇದು ಹಲವು ಜೀವಿಗಳ ನಡುವೆ ಒಂದು, ಅಷ್ಟೇ.

ಹಾಗಿದ್ದರೆ ಇಂಗ್ಲೆಂಡಿಗೆ ಹೇಗೆ ಮುಟ್ಟಿತು?

1953ರಲ್ಲಿ ಇಂಗ್ಲೆಂಡಿನ ನೈಋತ್ಯ ತೀರದ ಪ್ಲಿಮತ್ ಬಳಿ ಇದು ಕಂಡಿತು. ಯೂರೋಪಿನಲ್ಲಿ ಅದುವರೆಗೆ ಯಾರೂ ನೋಡಿರದ ಪ್ರಾಣಿಯಾದ್ದರಿಂದ ಅದನ್ನು ಹೊಸ ಪ್ರಭೇದವೆಂದೇ ಎಣಿಸಿ, 1954ರಲ್ಲಿ ಬೇರೆಯೇ ಹೆಸರನ್ನೂ ಇಟ್ಟರು. ಅದು ಪೂರ್ವದೇಶದ ಸ್ಟೈಲಾ ಕ್ಲಾವಾವೇ ಎಂಬುದು ಖಚಿತವಾದದ್ದು ಆಮೇಲೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಹೆಚ್ಚು ಯೋಚಿಸಬೇಕಾದ ಘಟ್ಟ ಇದೇ, ಏಕೆಂದರೆ ಬಂದವರನ್ನು ಊರಿನವರೆಂದು ತಿಳಿದುಬಿಡುವ ತಪ್ಪು ವಿಜ್ಞಾನಿಗಳಿಂದಲೂ ಆಗುತ್ತದೆ.

ಪ್ಲಿಮತ್ ಬ್ರಿಟಿಷ್ ನೌಕಾಪಡೆಯ ದೊಡ್ಡ ನೆಲೆ. 1950ರಿಂದ 1953ರವರೆಗೆ ಕೊರಿಯಾ ಯುದ್ಧ ನಡೆಯಿತು. ಕೊರಿಯಾದ ತೀರದಲ್ಲಿ ತಿಂಗಳುಗಟ್ಟಲೆ ಲಂಗರು ಹಾಕಿ ನಿಂತು ಮರಳಿದ ಯುದ್ಧನೌಕೆಗಳ ತಳಕ್ಕೆ ಅಂಟಿಕೊಂಡು ಇದು ಬಂದಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿರುವ ಊಹೆ. ಅಂಟುವ ಗಳಿಗೆಯನ್ನು ಕಣ್ಣಾರೆ ಕಂಡವರಿಲ್ಲವಾದರೂ ಕಾಲ, ಸ್ಥಳ, ಹಡಗುಗಳ ಹಾದಿ ಮೂರೂ ಒಂದಕ್ಕೊಂದು ಹೊಂದುತ್ತವೆ. ನಿಂತ ಹಡಗಿಗೆ ಅಂಟುಜೀವಿಗಳು ಬೇಗ ಹತ್ತುತ್ತವೆ. ಸದಾ ಓಡುವ ಹಡಗಿಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ.

ಹಡಗುಗಳು ತುಂಬಿಕೊಳ್ಳುವ ಬ್ಯಾಲಸ್ಟ್ ನೀರಿನಲ್ಲಿ ಬಂದಿರಬಹುದಲ್ಲವೆ? ನಮ್ಮ ಅದಿರು ಒಯ್ಯಲು ಬರುವ ಹಡಗುಗಳೂ ಹಾಗೆಯೇ ನೀರು ತರುತ್ತವಂತಲ್ಲ?

ಸಂಡೂರಿನ ವಿದ್ಯಾರ್ಥಿಯೊಬ್ಬ ಕೇಳಿದ ಈ ಪ್ರಶ್ನೆ ಬಹಳ ಸಮಂಜಸವಾದದ್ದು. ಸರಕಿಲ್ಲದ ಹಡಗು ನೀರಿನ ಮೇಲೆ ಹಗುರಾಗಿ ಹೊಯ್ದಾಡುತ್ತದೆ. ಸಮತೋಲಕ್ಕಾಗಿ ತೊಟ್ಟಿಗಳಲ್ಲಿ ಕಡಲನೀರನ್ನು ತುಂಬಿಕೊಂಡು ಬಂದು, ಸರಕು ತುಂಬುವ ಬಂದರಿನಲ್ಲಿ ಅದನ್ನು ಚೆಲ್ಲುತ್ತದೆ. ದೋಣಿಮಲೈ, ಸಂಡೂರು, ಹೊಸಪೇಟೆ ಭಾಗದ ಕಬ್ಬಿಣದ ಅದಿರು ಚೆನ್ನೈ, ಮರ್ಮಗೋವಾ, ಕೃಷ್ಣಪಟ್ಟಣ, ಬೇಲೆಕೇರಿ ಬಂದರುಗಳ ಮೂಲಕ ಜಪಾನ್‌ಗೂ ಚೀನಾಕ್ಕೂ ಹೋಗುತ್ತಿದ್ದ ಕಾಲದಲ್ಲಿ, ಅದನ್ನು ಒಯ್ಯಲು ಬರಿದಾಗಿ ಬಂದ ಹಡಗುಗಳು ದೂರದ ಕಡಲಿನ ನೀರನ್ನು ಇಲ್ಲಿಗೆ ತಂದಿಳಿಸಿದ್ದು ಸಹಜ. ಅದಿರಿನ ಕೆಂಪುಧೂಳು ಮಾತ್ರ ಕಣ್ಣಿಗೆ ಬಿದ್ದ ನಮಗೆ, ಅದಕ್ಕೆ ಬದಲಾಗಿ ಬಂದಿಳಿದ ಈ ನೀರು ಕಾಣಲೇ ಇಲ್ಲ.

ಆದರೆ ಗದೆ ಪಿಚಕಾರಿಯ ವಿಷಯದಲ್ಲಿ ಬ್ಯಾಲಸ್ಟ್ ನೀರನ್ನು ಮುಖ್ಯ ಆರೋಪಿಯನ್ನಾಗಿ ಮಾಡುವಂತಿಲ್ಲ. ಅದರ ಮೊಟ್ಟೆ ಅರ್ಧದಿನದಲ್ಲಿ ಒಡೆಯುತ್ತದೆ. ಡಿಂಭವು ಈಜುವುದು ಸುಮಾರು ಒಂದೆರಡು ದಿನ. ಅಷ್ಟರೊಳಗೆ ಅಂಟಲು ಜಾಗ ಸಿಗದಿದ್ದರೆ ಅದರ ಕಥೆ ಮುಗಿಯಿತು, ಏಕೆಂದರೆ ಆ ಹಂತದಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಜಪಾನಿನಿಂದ ಚೆನ್ನೈಗೆ ಸರಕು ಹಡಗು ಬರಲು ಸುಮಾರು ಎರಡು ವಾರ ಬೇಕು. ಕತ್ತಲ ತೊಟ್ಟಿಯಲ್ಲಿ ಅಷ್ಟು ದಿನ ಡಿಂಭ ಉಳಿಯುವ ಸಂಭವ ಕಡಿಮೆ. ಆದ್ದರಿಂದ ದೂರಪ್ರಯಾಣ ಮಾಡುವುದು ಮುಖ್ಯವಾಗಿ ಬಲಿತ ಪ್ರಾಣಿಯೇ: ಹಡಗಿನ ತಳಕ್ಕೆ, ನೀರೆಳೆಯುವ ಜಾಲರಿ ಗೂಡುಗಳ ಒಳಗೋಡೆಗೆ, ವಿಹಾರದೋಣಿಗಳಿಗೆ, ಊರಿಂದೂರಿಗೆ ಸಾಗಿಸುವ ಸಿಂಪಿಯ ಚಿಪ್ಪಿಗೆ ಅಂಟಿಕೊಂಡು. ಒಂದೇ ಒಡಲಲ್ಲಿ ಗಂಡು ಹೆಣ್ಣು ಎರಡರ ಅಂಗಗಳೂ ಇರುವುದರಿಂದ, ಅಂಟಿಬಂದ ಒಂದು ಚಿಕ್ಕ ಗೊಂಚಲು ಹೊಸ ಬಂದರಿನಲ್ಲಿ ಸಂತಾನ ಆರಂಭಿಸಲು ಸಾಕು.

ಬ್ಯಾಲಸ್ಟ್ ನೀರಿನಲ್ಲಿ ಬೇರೆ ಎಷ್ಟೋ ಜೀವಿಗಳು ಸಾಗುತ್ತವೆ ಎಂಬುದು ಬೇರೆ ಮಾತು. ಅದನ್ನು ಹತೋಟಿಗೆ ತರಲು 2004ರಲ್ಲಿ ಒಪ್ಪಿದ ಅಂತಾರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ. ಹಡಗಿನ ತಳಕ್ಕೆ ಹತ್ತುವ ಜೀವಿಗಳ ಬಗ್ಗೆ 2011ರಲ್ಲಿ ಬಂದದ್ದು ಮಾರ್ಗಸೂಚಿ ಮಾತ್ರ. ಪಾಲಿಸಲೇಬೇಕೆಂಬ ಕಟ್ಟು ಅದಕ್ಕಿಲ್ಲ. ಈ ಪ್ರಾಣಿ ಬಳಸುವ ಹಾದಿಗೇ ಕಾವಲು ಸಡಿಲವಾಗಿರುವುದು ಸರಿಯಲ್ಲವೆಂದು ನನಗನ್ನಿಸುತ್ತದೆ.

ಇಂದು ಎಲ್ಲೆಲ್ಲಿ ಇದೆ?

ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಪ್ಲಿಮತ್‌ಗಿಂತ ಮೊದಲೇ, 1930ರ ದಶಕದಲ್ಲಿ ಬಂದಿತ್ತು. ಆ ದೇಶದ ಪೂರ್ವ ತೀರದಲ್ಲಿ 1970ರ ಸುಮಾರಿಗೆ ಕಾಣಿಸಿಕೊಂಡಿತು; ಅದೇ ದಶಕದಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಫಿಲಿಪ್ ಕೊಲ್ಲಿಯಲ್ಲೂ ಪತ್ತೆಯಾಯಿತು. ಯೂರೋಪಿನಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸ್, ಐರ್ಲೆಂಡ್, ನೆದರ್ಲೆಂಡ್ಸ್, ಡೆನ್ಮಾರ್ಕ್ ಎಂದು ಮುಂದುವರಿದು, 2005ರಲ್ಲಿ ಫ್ರಾನ್ಸಿನ ದಕ್ಷಿಣದ ಥೋ ಸರೋವರದಲ್ಲಿ, ಅಂದರೆ ಮೆಡಿಟರೇನಿಯನ್ ಅಂಚಿನಲ್ಲಿ ಕಂಡಿತು. ಅಲ್ಲಿ ಸಿಂಪಿ ಸಾಕಣೆ ದೊಡ್ಡ ಕಸುಬು. ಸಾಗಿಸಿದ ಸಿಂಪಿಗಳೊಡನೆ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಅದೇ 2005ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲೂ ಪತ್ತೆಯಾಯಿತು. ಕೂಡಲೇ ಹುಡುಕಾಟ ನಡೆಸಿದಾಗ ಆಗಲೇ ಬೇರೆ ಕಡೆಗಳಿಗೂ ಹಬ್ಬಿದ್ದು ತಿಳಿದು, ಪೂರ್ತಿ ಅಳಿಸುವ ಆಲೋಚನೆಯನ್ನು ಕೈಬಿಡಬೇಕಾಯಿತು.

ಈ ಊರುಗಳ ಪಟ್ಟಿಯನ್ನು ಭೂಪಟದ ಮೇಲೆ ಗುರುತಿಸಿದರೆ ಕಡಲಿನ ಹರಿವಿನ ದಾರಿಯಲ್ಲ, ಹಡಗು ಮತ್ತು ಸಿಂಪಿ ವ್ಯಾಪಾರದ ದಾರಿಯೇ ಮೂಡುತ್ತದೆ. ತಾನಾಗಿ ಒಂದೆರಡು ದಿನಕ್ಕಿಂತ ಹೆಚ್ಚು ಈಜಲಾರದ ಪ್ರಾಣಿ ಮೂರು ಸಾಗರಗಳನ್ನು ದಾಟಿದ್ದು ನಮ್ಮ ಬೆನ್ನೇರಿ.

ಹೋಗಿ ನೆಲೆಸಿದರೆ ಏನು ನಷ್ಟ?

ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಒಳ್ಳೆಯದು. ಆ ಪುಟ್ಟ ದ್ವೀಪದಲ್ಲಿ ನೀಲಿ ಮಸ್ಸೆಲ್ ಎಂಬ ಚಿಪ್ಪುಜೀವಿಯ ಸಾಕಣೆ ಬಹಳ ಜನರ ಜೀವನಾಧಾರ. ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪಿನ ಹತ್ತಿರದ ಬಗೆ ಅದು. ಮಸ್ಸೆಲ್ ಮರಿಗಳನ್ನು ಉದ್ದನೆಯ ಬಲೆಚೀಲಗಳಲ್ಲಿ ತುಂಬಿ, ನೀರಿನಲ್ಲಿ ಅಡ್ಡಲಾಗಿ ಕಟ್ಟಿದ ಹಗ್ಗಗಳಿಂದ ಇಳಿಬಿಡುತ್ತಾರೆ. ಮಾರಾಟಕ್ಕೆ ಬರುವವರೆಗೆ ಅವು ಅಲ್ಲಿಯೇ ಬೆಳೆಯಬೇಕು. 1990ರ ದಶಕದ ಕೊನೆಯಲ್ಲಿ ಗದೆ ಪಿಚಕಾರಿ ಅಲ್ಲಿಗೆ ಬಂದಿತು. ಇಳಿಬಿಟ್ಟ ಚೀಲ, ಹಗ್ಗ, ತೇಲುಬುರುಡೆ ಎಲ್ಲವೂ ಅದಕ್ಕೆ ಹೇಳಿಮಾಡಿಸಿದ ಮನೆ. ಕೆಲವು ನೂರು ಗದೆಗಳು ಒಂದೇ ಚೀಲಕ್ಕೆ ಒತ್ತೊತ್ತಾಗಿ ಹತ್ತಿದರೆ ಒಳಗಿನ ಮಸ್ಸೆಲ್‌ಗೆ ನೀರಿನ ಹರಿವು ಕಡಿಮೆಯಾಗುತ್ತದೆ, ಇಬ್ಬರ ಆಹಾರವೂ ಒಂದೇ ಆದ್ದರಿಂದ ಪೈಪೋಟಿ ಹುಟ್ಟುತ್ತದೆ, ಭಾರಕ್ಕೆ ಗೊಂಚಲುಗಳು ಕಳಚಿ ತಳಕ್ಕೆ ಬೀಳುತ್ತವೆ, ಎತ್ತುವ ಯಂತ್ರಗಳಿಗೂ ಮಾರುಕಟ್ಟೆಗೆ ಚೊಕ್ಕ ಮಾಡುವವರಿಗೂ ಕೆಲಸ ಇಮ್ಮಡಿಯಾಗುತ್ತದೆ. ಹತ್ತಿಯ ಹೊಲದಲ್ಲಿ ಕಳೆ ಬೆಳೆದರೆ ಕೂಲಿಯ ಲೆಕ್ಕ ಹೇಗೆ ಏರುತ್ತದೆಂದು ಬಲ್ಲವರಿಗೆ ಇದು ಅರ್ಥವಾದೀತು.

ಮುಂದೆ ನಡೆದದ್ದು ಇನ್ನೂ ವಿಚಿತ್ರ. 2004ರಲ್ಲಿ ಸಿಯೋನಾ ಇಂಟೆಸ್ಟಿನಾಲಿಸ್ ಎಂಬ ಇನ್ನೊಂದು ಕಡಲ ಪಿಚಕಾರಿ ಅದೇ ದ್ವೀಪಕ್ಕೆ ಬಂದಿತು. ಮೆತ್ತನೆಯ, ಬೇಗ ಬೆಳೆಯುವ ಆ ಪ್ರಾಣಿ ಕೆಲವು ಕೊಲ್ಲಿಗಳಲ್ಲಿ ಗದೆ ಪಿಚಕಾರಿಯನ್ನೇ ಹಿಂದಕ್ಕೆ ತಳ್ಳಿತು. ಸಾಕಣೆದಾರರಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ, ಏಕೆಂದರೆ ಬಂದದ್ದು ಮೊದಲಿನದಕ್ಕಿಂತ ದೊಡ್ಡ ಪೀಡೆ.

ಮನುಷ್ಯರ ಆರೋಗ್ಯಕ್ಕೆ ತೊಂದರೆಯಿದೆಯೆ?

ಮುಟ್ಟಿದರೆ ಏನೂ ಆಗುವುದಿಲ್ಲ. ಆದರೆ ಜಪಾನಿನಲ್ಲಿ, ಪಿಚಕಾರಿಗಳು ಹತ್ತಿದ ಸಿಂಪಿಗಳನ್ನು ಗಾಳಿಯಾಡದ ಕೋಣೆಗಳಲ್ಲಿ ಒಡೆದು ಬಿಡಿಸುತ್ತಿದ್ದ ಕಾರ್ಮಿಕರಿಗೆ, ಅವುಗಳಿಂದ ಸಿಡಿದ ಹನಿಗಳನ್ನು ಉಸಿರಿನೊಡನೆ ಎಳೆದುಕೊಂಡು ಉಬ್ಬಸ ಬಂದದ್ದು ವೈದ್ಯಕೀಯವಾಗಿ ದಾಖಲಾಗಿದೆ.

ಇದನ್ನು ತಿನ್ನುತ್ತಾರೆಯೆ?

ಕೊರಿಯಾದಲ್ಲಿ ತಿನ್ನುತ್ತಾರೆ, ಸಾಕುತ್ತಾರೆ ಕೂಡ. ಅಲ್ಲಿ ಇದರ ಹೆಸರು ಮಿದೊದೊಕ್. ಗಟ್ಟಿ ಹೊರಸಿಪ್ಪೆಯನ್ನು ಹೆರೆದು, ಸಾರಿಗೂ ಖಾರವಾದ ಮೀನಿನ ಪಲ್ಯಕ್ಕೂ ಹಾಕುತ್ತಾರೆ. ಕಚ್ಚಿದಾಗ ಒಳಗಿನ ಬಿಸಿರಸ ಚಿಮ್ಮಿ ನಾಲಿಗೆ ಸುಡುವುದುಂಟು. ಕೆನಡಾದವರು ಕಳೆಯೆಂದು ಕಿತ್ತೆಸೆಯುವುದನ್ನು ಕೊರಿಯಾದವರು ತೂಕ ಮಾಡಿ ಮಾರುತ್ತಾರೆ. ಹಾಗಾದರೆ ಎಲ್ಲರೂ ತಿಂದು ಮುಗಿಸಬಹುದಲ್ಲ ಎಂಬ ಮಾತು ಪ್ರತಿ ವರ್ಷವೂ ಬರುತ್ತದೆ. ಬೇಡಿಕೆ ಹುಟ್ಟಿದ ಮೇಲೆ ಅದನ್ನು ಪೂರೈಸಲು ಬೆಳೆಸುವವರೂ ಹುಟ್ಟುತ್ತಾರೆ, ಬಂದಿಲ್ಲದ ಕಡೆಗೂ ಒಯ್ಯುತ್ತಾರೆ. ಆದ್ದರಿಂದ ಆ ಉಪಾಯದಲ್ಲಿ ನನಗೆ ನಂಬಿಕೆಯಿಲ್ಲ.

ಹತೋಟಿಗೆ ತರುವುದು ಹೇಗೆ?

ಎಲ್ಲಕ್ಕಿಂತ ಸರಳವಾದದ್ದು ಒಣಗಿಸುವುದು. ಆನೆಗುಂದಿಯ ದಡದಲ್ಲಿ ಹರಿಗೋಲುಗಳನ್ನು ಮೇಲಕ್ಕೆಳೆದು ಬೋರಲು ಹಾಕಿರುವುದನ್ನು ನೋಡಿದ್ದೀರಲ್ಲ? ಚಿಕ್ಕ ದೋಣಿಯನ್ನು ಹಾಗೆ ನೀರಿನಿಂದ ತೆಗೆದು ಸಾಕಷ್ಟು ದಿನ ಬಿಸಿಲಿಗೆ ಬಿಟ್ಟರೆ ಗದೆ ಪಿಚಕಾರಿ ಸಾಯುತ್ತದೆ. ದೊಡ್ಡ ಹಡಗನ್ನು ಬೋರಲು ಹಾಕಲಾಗದು ಎಂಬುದೇ ತೊಂದರೆ. ಕೆನಡಾದ ಸಾಕಣೆದಾರರು ಅರಳಿಸಿದ ಸುಣ್ಣದ ನೀರನ್ನೂ, ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೂ ಸಿಂಪಡಿಸಿ ನೋಡಿದ್ದಾರೆ. ಸಿಯೋನಾಕ್ಕೆ ಜೋರಾದ ನೀರಿನ ಹೊಡೆತವೂ ಆಗುತ್ತದೆ. ಚರ್ಮದಂತಹ ಮೈಯ ಗದೆ ಪಿಚಕಾರಿ ಅಷ್ಟಕ್ಕೆ ಬಗ್ಗುವುದಿಲ್ಲ.

ಹಡಗಿನ ತಳಕ್ಕೆ ವಿಷಬಣ್ಣ ಬಳಿಯುವುದು ಹಳೆಯ ಪದ್ಧತಿ. ತವರದ ಸಂಯುಕ್ತವಾದ ಟಿಬಿಟಿ ಬೆರೆಸಿದ ಬಣ್ಣ ಅಂಟುಜೀವಿಗಳನ್ನು ಚೆನ್ನಾಗಿ ತಡೆಯುತ್ತಿತ್ತು. ಆದರೆ ಅದು ನೀರಿಗಿಳಿದು, ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗ ಮೂಡಿ ಸಂತಾನವೇ ನಿಲ್ಲುವಂತಾಯಿತು. 2001ರ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಅದನ್ನು ನಿಷೇಧಿಸಿತು. ನಿಷೇಧ ಸರಿಯಾದದ್ದೇ, ಅದರಿಂದ ಕೆಲಸ ಕಷ್ಟವಾಯಿತೆಂಬುದೂ ಅಷ್ಟೇ ನಿಜ.

ಪೂರ್ತಿ ಅಳಿಸುವುದು ಎಷ್ಟು ಕಠಿಣವೆಂಬುದಕ್ಕೆ ಡಿಡೆಮ್ನಮ್ ವೆಕ್ಸಿಲಮ್ ಎಂಬ ಇನ್ನೊಂದು ಪಿಚಕಾರಿಯನ್ನು ನೋಡಬೇಕು. ಅದು ಒಂಟಿಯಾಗಿರದೆ ಹಾಸಿದ ಕಂಬಳಿಯಂತೆ ಗುಂಪಾಗಿ ಹರಡುತ್ತದೆ, ಹರಿದ ತುಂಡೂ ಹೊಸದಾಗಿ ಬೆಳೆಯುತ್ತದೆ. ಅಮೆರಿಕದ ಪೂರ್ವಕ್ಕಿರುವ ಜಾರ್ಜಸ್ ಬ್ಯಾಂಕ್ ಎಂಬ ಮೀನುಗಾರಿಕೆಯ ನೆಲೆಯಲ್ಲಿ ಸುಮಾರು 230 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಅದು ಹರಡಿರುವುದು ಕಂಡುಬಂದಿತ್ತು. 2008ರಲ್ಲಿ ವೇಲ್ಸ್‌ನ ಹೋಲಿಹೆಡ್ ಬಂದರಿನಲ್ಲಿ ಅದು ಸಿಕ್ಕಾಗ, ತೇಲುಕಟ್ಟೆಗಳಿಗೆಲ್ಲ ಪ್ಲಾಸ್ಟಿಕ್ ಚೀಲ ತೊಡಿಸಿ, ಒಳಗೆ ಬ್ಲೀಚಿಂಗ್ ಪುಡಿಯಂತಹ ರಾಸಾಯನಿಕ ಹಾಕಿ ಕೊಂದರು. ಆಮೇಲೂ ಚಿಕ್ಕ ಗುಂಪುಗಳು ತಲೆಯೆತ್ತಿದವು.

ಗೆದ್ದ ಉದಾಹರಣೆ ಇಲ್ಲವೆಂದಲ್ಲ, ಅದು ಬೇರೆ ಜೀವಿಯದು. ಮಿಟಿಲಾಪ್ಸಿಸ್ ಸಾಲೀ ಎಂಬ ಕಪ್ಪುಗೆರೆಯ ಚಿಪ್ಪುಜೀವಿ 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಕಂಡಾಗ, ಅಲ್ಲಿನ ದೋಣಿನಿಲ್ದಾಣಗಳಿಗೆ ನಮ್ಮ ಕಾಲುವೆಗಳಂತೆ ಗೇಟುಗಳಿದ್ದವು. ಗೇಟು ಮುಚ್ಚಿ, ಕ್ಲೋರಿನ್ ಮತ್ತು ಮೈಲುತುತ್ತ ಸುರಿದು ನಿರ್ಮೂಲ ಮಾಡಿದರು. ತೆರೆದ ಕಡಲಿಗೆ ಗೇಟು ಹಾಕುವವರಾರು?

ತುಂಗಭದ್ರಾ ಜಲಾಶಯಕ್ಕೆ ಬರಬಹುದೆ?

ಬರುವುದಿಲ್ಲ. ಸಿಹಿನೀರಿನಲ್ಲಿ ಬಾಳುವ ಅಸಿಡಿಯನ್ ಒಂದೂ ಇಲ್ಲ.

ಇದನ್ನು ಕಡಲಿನ ಬಳ್ಳಾರಿ ಜಾಲಿ ಎನ್ನಬಹುದೆ?

ಹೋಲಿಕೆ ಅರ್ಧ ಸರಿ. ಬಳ್ಳಾರಿಯ ಹೆಸರು ಹೊತ್ತಿದ್ದರೂ ಆ ಜಾಲಿ ಬಳ್ಳಾರಿಯದಲ್ಲ, ಅಮೆರಿಕ ಖಂಡದ್ದು. 19ನೆಯ ಶತಮಾನದಲ್ಲಿ ಭಾರತಕ್ಕೆ ತಂದರು. ಪ್ಲಿಮತ್‌ನಲ್ಲಿ ಗದೆ ಪಿಚಕಾರಿಯನ್ನು ಹೊಸ ಪ್ರಭೇದವೆಂದು ಕರೆದಂತೆ ಇಲ್ಲಿಯೂ ಹೆಸರು ದಾರಿ ತಪ್ಪಿಸುತ್ತದೆ. ವ್ಯತ್ಯಾಸವಿರುವುದು ಉದ್ದೇಶದಲ್ಲಿ. ಜಾಲಿಯನ್ನು ಸೌದೆಗೆ, ಬೇಲಿಗೆ, ಬರಡು ನೆಲದ ಹಸಿರಿಗೆ ಬೇಕೆಂದೇ ಬಿತ್ತಿದರು. ಕಾಯಿ ತಿಂದ ಆಡು ದನಗಳು ಬೀಜವನ್ನು ಇನ್ನಷ್ಟು ದೂರ ಒಯ್ದವು. ಪಿಚಕಾರಿಯನ್ನು ಅಷ್ಟು ದೂರ ಸಾಗಿಸಿದ ಹಡಗಿನವರಿಗೆ ತಾವು ಸಾಗಿಸುತ್ತಿದ್ದೇವೆಂಬುದೇ ಗೊತ್ತಿರಲಿಲ್ಲ. ಜಾಲಿಯ ಇದ್ದಿಲಿನಿಂದ ಕೆಲವು ಕುಟುಂಬಗಳಿಗೆ ಅನ್ನ ಸಿಗುವುದನ್ನೂ ಮರೆಯುವಂತಿಲ್ಲ.

ನಮ್ಮ ದೇಶದ ಕರಾವಳಿಗೆ ಅಪಾಯವಿದೆಯೆ?

ಗದೆ ಪಿಚಕಾರಿ ಬೇರೂರಿದ ಜಾಗಗಳು ಬಹುಮಟ್ಟಿಗೆ ತಂಪಾದ, ಸಮಶೀತೋಷ್ಣ ಕಡಲುಗಳು. ನಮ್ಮ ಬೆಚ್ಚಗಿನ ನೀರು ಅದಕ್ಕೆ ಹಿಡಿಸುವಂಥದ್ದಲ್ಲ. ಅದರಿಂದ ನಿಶ್ಚಿಂತೆಯಾಗಿರಬಹುದೆಂದಲ್ಲ. ತೂತುಕುಡಿಯಂತಹ ಬಂದರುಗಳಲ್ಲಿ ಬೆಚ್ಚಗಿನ ನೀರಿನ ಅಸಿಡಿಯನ್‌ಗಳು ಕಟ್ಟೆಗೂ ಹಡಗಿಗೂ ಹೇರಳವಾಗಿ ಹತ್ತುತ್ತವೆ, ಅವುಗಳಲ್ಲಿ ಯಾವುದು ಇಲ್ಲಿಯದು ಯಾವುದು ಬಂದದ್ದು ಎಂದು ಬಿಡಿಸುವುದು ಸುಲಭವಲ್ಲ. ಡಾರ್ವಿನ್‌ನಲ್ಲಿ ಅಳಿಸಿದ ಮಿಟಿಲಾಪ್ಸಿಸ್ 1967ರಲ್ಲಿಯೇ ವಿಶಾಖಪಟ್ಟಣದಲ್ಲಿ ಕಂಡಿತ್ತು. ಅದು ಕೆರಿಬಿಯನ್ ಕಡೆಯ ಪ್ರಾಣಿ. ಅದನ್ನು ಇಲ್ಲಿ ಅಳಿಸಲಾಗಲಿಲ್ಲ.

ಕಾರವಾರಕ್ಕೋ ಮಲ್ಪೆಗೋ ಪ್ರವಾಸ ಹೋದಾಗ ಕಡಲ ಪಿಚಕಾರಿ ಕಂಡರೆ ಏನು ಮಾಡಬೇಕು?

ನೀರು ಇಳಿದ ಹೊತ್ತಿನಲ್ಲಿ ಬಂಡೆಯ ನೆರಳುಬದಿ, ಬಂದರಿನ ಹಳೆಯ ಹಗ್ಗ, ದಡಕ್ಕೆಳೆದ ದೋಣಿಯ ತಳ ಇವುಗಳನ್ನು ನೋಡಿ. ಅಂಟಿಕೊಂಡಿರುವುದನ್ನು ಕೀಳಬೇಡಿ. ಪಕ್ಕದಲ್ಲಿ ಒಂದು ಪೆನ್ನು ಅಥವಾ ನಾಣ್ಯ ಇಟ್ಟು, ಎರಡು ಕೊಳವೆಬಾಯಿಗಳು ಕಾಣುವಂತೆ ಹತ್ತಿರದಿಂದ ಚಿತ್ರ ತೆಗೆಯಿರಿ. ಸ್ಥಳ, ದಿನಾಂಕ, ಅದು ಅಂಟಿದ್ದ ವಸ್ತು ಬರೆದುಕೊಳ್ಳಿ. ದೋಣಿಯವರು ಉಜ್ಜಿ ತೆಗೆದ ರಾಶಿ ದಡದಲ್ಲಿದ್ದರೆ ಅದನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಬಹುದು, ಆದರೆ ಮರಳಿ ನೀರಿಗೆ ಎಸೆಯಬಾರದು. ಹಿಸುಕುವ ಮೊದಲು ಕೊಳವೆಬಾಯಿ ಯಾರ ಕಡೆಗಿದೆಯೆಂದು ನೋಡಿಕೊಳ್ಳಿ.